‘ಸ್ಕ್ವಿಡ್ ಗೇಮ್’ ಗೆದ್ದದ್ದು ಗುಂಡಿನಿಂದಲೇ?

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಕನ್ನಡದಲ್ಲಿ ಒಂದು ವೆಬ್ ಸರಣಿ ಬರೆಯುತ್ತಿದ್ದೇವೆ. ಲಗೋರಿ, ಚಿನ್ನಿದಾಂಡು, ಗೋಲಿ ಇಟ್ಟುಕೊಂಡು ‘ಸ್ಕ್ವಿಡ್ ಗೇಮ್’ ಥರದ್ದು, ಸೋತವರು ಸಾಯುತ್ತಾರೆ. ದುಡ್ಡು ಹಾಕುವವರು ‘ಇನ್ನೂ ರಕ್ತ ಬೇಕು, ಅದು ಓಡಿದ್ದೇ ಅದರಿಂದ’ ಅನ್ನುತ್ತಿದ್ದಾರೆ. ನಿಜವೇ? ಕೊರಿಯಾದ ಒಂದು ಸರಣಿ ಜಗತ್ತೆಲ್ಲ ಹೀಗೆ ಓಡಿದ್ದು ಯಾಕೆ? ಇನ್ನೊಂದು ಸಣ್ಣ ಪ್ರಶ್ನೆ: ಟೆಸ್ಟ್ ಶೂಟಿಂಗಿಗೆ, ಅದರಲ್ಲಿ ಆಟಗಾರರು ಸೂಜಿಯಿಂದ ಆಕಾರ ಬಿಡಿಸುವ ಆ ಸಕ್ಕರೆ ಬಿಲ್ಲೆ ಮಾಡಿದರೆ ಒಮ್ಮೆ ಕಹಿ, ಒಮ್ಮೆ ತಟ್ಟೆಗೆ ಅಂಟಿಕೊಂಡು ಬರುವುದೇ ಇಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಕತೆ ಬಿಚ್ಚಿಡದೆ ಇದಕ್ಕೆ ಉತ್ತರ ಕೊಡಲಾಗದು. ಸರಣಿ ನೋಡದವರು ನೋಡಿಕೊಂಡು ಬಂದು ಓದುವುದು ಒಳ್ಳೆಯದು.

ನಿಮ್ಮ ನಿರ್ಮಾಪಕರ ಮಾತಿನಲ್ಲಿ ಕಾಲುಭಾಗ ನಿಜವಿದೆ. ಮೊದಲ ಕಂತಿನ ಗುಂಡಿನ ಮಳೆ ಇಲ್ಲದಿದ್ದರೆ ಅಷ್ಟು ಜನ ಎರಡನೆಯ ಕಂತಿಗೆ ಬರುತ್ತಿರಲಿಲ್ಲ. ಆದರೆ ಹೆಣಗಳ ಲೆಕ್ಕವನ್ನೇ ಒಮ್ಮೆ ನೋಡಿ. ಸಾಲದಲ್ಲಿ ಮುಳುಗಿ, ದೊಡ್ಡ ಬಹುಮಾನದ ಆಸೆಗೆ ಮಕ್ಕಳ ಆಟ ಆಡಲು ಬರುವವರು 456. ಮೊದಲ ಆಟ ಮುಗಿದಾಗ ಉಳಿದವರು 201. ಒಂಬತ್ತು ಕಂತಿನ ಸರಣಿಯ ಅರ್ಧಕ್ಕೂ ಹೆಚ್ಚು ಸಾವು, ಅಂದರೆ 255, ಮೊದಲ ಕಂತಿನ ಐದು ನಿಮಿಷದ ಆಟದಲ್ಲೇ ಮುಗಿದುಹೋಗುತ್ತದೆ. ಆ 255 ಜನರಲ್ಲಿ ಯಾರ ಹೆಸರಾದರೂ ನಿಮಗೆ ನೆನಪಿದೆಯೇ? ಅದೇ ಆರನೆಯ ಕಂತಿನ ಗೋಲಿ ಆಟದಲ್ಲಿ ಸತ್ತ ಅಲಿ, ಜಿ-ಯಂಗ್ ಎಲ್ಲರಿಗೂ ನೆನಪಿದ್ದಾರೆ. ಜಿ-ಯಂಗ್ ಸಾಯುವುದನ್ನು ಕ್ಯಾಮೆರಾ ತೋರಿಸುವುದೂ ಇಲ್ಲ. ಅವಳೆದುರು ಗೆದ್ದ ಜೊತೆಗಾರ್ತಿ ಸೇ-ಬ್ಯೋಕ್ ಬೆನ್ನು ಹಾಕಿ ನಡೆಯುತ್ತಿರುವಾಗ ಹಿಂದಿನಿಂದ ಗುಂಡಿನ ಸದ್ದು ಕೇಳುತ್ತದೆ, ಅಷ್ಟೆ. ಆ ಆಟದ ನಿಯಮವನ್ನೇ ನೋಡಿ: ಮೂವತ್ತು ನಿಮಿಷದೊಳಗೆ ಜೊತೆಗಾರನ ಹತ್ತೂ ಗೋಲಿಗಳನ್ನು ಗೆಲ್ಲಬೇಕು, ಆದರೆ ಬಲಪ್ರಯೋಗ ಮಾಡುವಂತಿಲ್ಲ. ಇಡೀ ಸರಣಿಯಲ್ಲಿ ಜನರನ್ನು ಹೆಚ್ಚು ಅಳಿಸಿದ ಕಂತಿನಲ್ಲಿ ಹೊಡೆದಾಟಕ್ಕೆ ನಿಷೇಧವಿದೆ. ನಿರ್ಮಾಪಕರ ಮುಂದೆ ಮೊದಲು ಇಡಬೇಕಾದ ಚೀಟಿ ಇದು.

ಎರಡನೆಯ ಚೀಟಿ, ಅಂಕಿಗಳು. ಇಲ್ಲಿ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ನೆಟ್‌ಫ್ಲಿಕ್ಸ್ ಎಣಿಸುವ ರೀತಿಯನ್ನೇ ಬದಲಿಸಿದೆ. 2021ರ ಸೆಪ್ಟೆಂಬರ್ 17ರಂದು ಬಂದ ಮೊದಲ ಸೀಸನ್ನನ್ನು ನಾಲ್ಕು ವಾರದಲ್ಲಿ 14.2 ಕೋಟಿ ಮನೆಗಳು ನೋಡಿದವು ಎಂದಿತ್ತು. ಆಗ ಎರಡು ನಿಮಿಷ ನೋಡಿದರೂ ‘ನೋಡಿದಂತೆ’. ಆಮೇಲೆ ಗಂಟೆಗಳ ಲೆಕ್ಕ ಬಂತು: 28 ದಿನದಲ್ಲಿ 165 ಕೋಟಿ ಗಂಟೆ. ಈಗಿನ ಪದ್ಧತಿಯಲ್ಲಿ ಒಟ್ಟು ನೋಡಿದ ಗಂಟೆಯನ್ನು ಸೀಸನ್ನಿನ ಉದ್ದದಿಂದ ಭಾಗಿಸಿ, ಮೊದಲ 91 ದಿನಕ್ಕೆ ಲೆಕ್ಕ ಹಾಕುತ್ತಾರೆ. ಆ ತಕ್ಕಡಿಯಲ್ಲಿ ಮೊದಲ ಸೀಸನ್ 26.5 ಕೋಟಿ, 2024ರ ಡಿಸೆಂಬರ್ 26ರಂದು ಬಂದ ಎರಡನೆಯದು 19 ಕೋಟಿ ಚಿಲ್ಲರೆ, 2025ರ ಜೂನ್ 27ರ ಮೂರನೆಯದು 14 ಕೋಟಿ ಚಿಲ್ಲರೆ. ಮೂರೂ ದೊಡ್ಡ ಅಂಕಿಗಳೇ. ಆದರೆ ಇಳಿಯುತ್ತಾ ಹೋಗಿವೆ. ರಕ್ತವೇನೂ ಕಡಿಮೆಯಾಗಿರಲಿಲ್ಲ.

ಹಾಗಾದರೆ ಓಡಿಸಿದ್ದು ಯಾವುದು? ನನ್ನ ತೀರ್ಮಾನ: ಒಂದೇ ಮಾತಿನಲ್ಲಿ ಅರ್ಥವಾಗುವ ಆಟ, ರೂಪಾಯಿ-ಪೈಸೆ ಸಮೇತ ಹೇಳಿದ ಸಾಲ, ಮತ್ತು ‘ಬೇಡ ಅಂದರೆ ಹೋಗಬಹುದು’ ಎಂಬ ಬಾಗಿಲು. ಮೂರನೆಯದನ್ನೇ ನಕಲು ಮಾಡುವವರೆಲ್ಲ ಮರೆಯುತ್ತಾರೆ.

ಆಟದಿಂದ ಶುರುಮಾಡೋಣ. ಮೊದಲ ಆಟದಲ್ಲಿ ಬೊಂಬೆ ಹೇಳುವ ಸಾಲು ‘ಮುಗುಂಗ್ವಾ ಕೊಚಿ ಪಿಯೊಸ್ಸುಮ್ನಿದಾ’. ಕೊರಿಯಾದ ರಾಷ್ಟ್ರೀಯ ಹೂ, ನಮ್ಮ ದಾಸವಾಳದ ಜಾತಿಯದು, ಅರಳಿತು ಎಂದರ್ಥ. ಕೊರಿಯನ್‌ನಲ್ಲಿ ಅದು ಸರಿಯಾಗಿ ಹತ್ತು ಅಕ್ಷರ. ಕಣ್ಣು ಮುಚ್ಚಿ ಹತ್ತು ಎಣಿಸುವ ಬದಲು ಮಕ್ಕಳು ಅದನ್ನು ಹೇಳುತ್ತಾರೆ. ಇದ್ಯಾವುದೂ ಬ್ರೆಜಿಲ್‌ನವನಿಗೆ ಗೊತ್ತಿರಬೇಕಾಗಿಲ್ಲ. ಹಾಡು ನಿಂತಾಗ ಅಲುಗಾಡಿದವನು ಔಟ್ ಎಂಬುದು ಒಬ್ಬ ಸತ್ತ ಕೂಡಲೇ ಗೊತ್ತಾಗುತ್ತದೆ. ಬರೆದು ನಿರ್ದೇಶಿಸಿದ ಹ್ವಾಂಗ್ ದೊಂಗ್-ಹ್ಯುಕ್ ಬೇಕೆಂದೇ ಇಷ್ಟು ಸರಳ ಆಟಗಳನ್ನು ಆರಿಸಿದವರು: ನಿಯಮ ಬಿಡಿಸುವುದರಲ್ಲೇ ನೋಡುಗನ ತಲೆ ಹೋದರೆ ಮುಖಗಳನ್ನು ನೋಡುವವರು ಯಾರು? ಇದಕ್ಕೂ ಹಿಂದೆ ಬಂದಿದ್ದ ಜಪಾನಿ ಸಾವಿನಾಟದ ಕತೆಗಳಲ್ಲಿ ಬಹುಪಾಲು ಜಾಣ ನಾಯಕ ಒಗಟು ಬಿಡಿಸಿ ಗೆಲ್ಲುತ್ತಾನೆ. ಇಲ್ಲಿನ ನಾಯಕ ಸೊಂಗ್ ಗಿ-ಹುನ್ ಜಾಣನಲ್ಲ. ಸಕ್ಕರೆ ಬಿಲ್ಲೆಯನ್ನು ನೆಕ್ಕಿ ಗೆದ್ದವನು.

ನಿಮ್ಮ ಆಟಗಳಿಗೂ ಇದೇ ಪರೀಕ್ಷೆ ಮಾಡಿ. ಪ್ರತಿ ಆಟದ ನಿಯಮವನ್ನು ಎರಡು ವಾಕ್ಯದಲ್ಲಿ ಬರೆಯಿರಿ, ಆ ಆಟ ಆಡಿಯೇ ಇರದ ಒಬ್ಬರಿಗೆ ಓದಿ ಹೇಳಿ, ತಿರುಗಿ ಹೇಳಿಸಿ. ತಡವರಿಸಿದರೆ ಆಟ ಬಿಡಿ. ಲಗೋರಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ: ಕಲ್ಲು ಬೀಳುವುದು ಕಾಣುತ್ತದೆ, ಒಂದೊಂದಾಗಿ ಏರುವುದು ಕಾಣುತ್ತದೆ, ಚೆಂಡು ಎಲ್ಲಿಂದ ಬರುತ್ತದೋ ಎಂಬ ಭಯವೂ ಕಾಣುತ್ತದೆ. ಚಿನ್ನಿದಾಂಡು ಕಷ್ಟ. ಊರಿಗೊಂದು ನಿಯಮ, ದಾಂಡಿನಲ್ಲಿ ಅಳೆಯುವ ಲೆಕ್ಕ ಬೇರೆ. ಬೆಂಗಳೂರಿನ ಹುಡುಗನಿಗೇ ಅರ್ಥವಾಗುವುದಿಲ್ಲ. ಇಟ್ಟುಕೊಳ್ಳಲೇಬೇಕೆಂದರೆ ಎಲ್ಲವನ್ನೂ ಕಿತ್ತುಹಾಕಿ ‘ಗೆರೆ ದಾಟದಿದ್ದವನು ಔಟ್’ ಅಂತ ಒಂದೇ ಗೆರೆ ಎಳೆಯಿರಿ. ಗೋಲಿಗೂ ಊರೂರಿಗೆ ಬೇರೆ ನಿಯಮ. ಕೊರಿಯಾದವರಿಗೂ ಆ ತೊಡಕಿತ್ತು. ‘ಯಾವ ಆಟವಾದರೂ ಆಡಿ, ಕೊನೆಗೆ ಹತ್ತೂ ಗೋಲಿ ನಿಮ್ಮ ಕೈಲಿರಬೇಕು’ ಎಂದು ದಾಟಿಸಿಬಿಟ್ಟರು. ಅದರಿಂದ ಬಂದ ಲಾಭ ದೊಡ್ಡದು: ನಿಯಮವೇ ಇಲ್ಲದಾಗ ಮೋಸಕ್ಕೆ ಜಾಗ ತಾನಾಗಿ ತೆರೆಯಿತು.

ಇನ್ನು ಸಾಲ. ‘ಬಡವ, ಸಾಲದಲ್ಲಿದ್ದಾನೆ’ ಎಂದು ಬರೆದರೆ ಯಾರಿಗೂ ತಟ್ಟುವುದಿಲ್ಲ. ಮೆಟ್ರೋ ನಿಲ್ದಾಣದಲ್ಲಿ ಸೂಟು ಹಾಕಿದ ಮನುಷ್ಯ ಗಿ-ಹುನ್‌ಗೆ ಅವನದೇ ಲೆಕ್ಕ ಓದಿ ಹೇಳುತ್ತಾನೆ: ಬಡ್ಡಿ ವ್ಯಾಪಾರಿಗಳಿಗೆ 16 ಕೋಟಿ ವೊನ್, ಬ್ಯಾಂಕಿಗೆ 25.5 ಕೋಟಿ ವೊನ್. ಅದಕ್ಕೂ ಮೊದಲು ಮಡಚಿದ ಕಾಗದದ ‘ದಕ್ಜಿ’ ಆಟದಲ್ಲಿ ಗೆದ್ದರೆ ಒಂದು ಲಕ್ಷ ವೊನ್, ಸೋತರೆ ದುಡ್ಡಿನ ಬದಲು ಕೆನ್ನೆಗೊಂದು ಏಟು. ಸಾವು ಇನ್ನೂ ಕತೆಗೆ ಕಾಲಿಟ್ಟಿಲ್ಲ. ಮೈ ಮಾರಿಕೊಂಡು ದುಡ್ಡು ಪಡೆಯುವ ವ್ಯವಹಾರ ಮಾತ್ರ ಆಗಲೇ ಕುದುರಿದೆ. ಆಮೇಲಿನ ಬಹುಮಾನದ ಲೆಕ್ಕವೂ ಅಷ್ಟೇ ಖಚಿತ. ತಲೆಗೆ 10 ಕೋಟಿ ವೊನ್, 456 ತಲೆಗೆ 4,560 ಕೋಟಿ ವೊನ್. 2021ರ ದರದಲ್ಲಿ ಹೆಚ್ಚುಕಮ್ಮಿ 285 ಕೋಟಿ ರೂಪಾಯಿ. ಪ್ರತಿ ಸಾವಿಗೂ ಮೇಲೆ ತೂಗುವ ಗಾಜಿನ ಹಂದಿಯೊಳಗೆ ನೋಟು ಬೀಳುತ್ತದೆ. ಗೆಳೆಯ ಸತ್ತರೆ ನನ್ನ ಪಾಲು ಹೆಚ್ಚುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಹಂದಿಯೇ ಹೇಳುತ್ತದೆ.

ಈ ಸಾಲ ಆಕಾಶದಿಂದ ಇಳಿದದ್ದಲ್ಲ. 2021ರ ಹೊತ್ತಿಗೆ ದಕ್ಷಿಣ ಕೊರಿಯಾದ ಕುಟುಂಬಗಳ ಒಟ್ಟು ಸಾಲ ದೇಶದ ವಾರ್ಷಿಕ ಒಟ್ಟು ಉತ್ಪನ್ನವನ್ನೂ ಮೀರಿತ್ತು. ಗಿ-ಹುನ್ ಕೆಲಸ ಕಳೆದುಕೊಂಡ ‘ಡ್ರ್ಯಾಗನ್ ಮೋಟರ್ಸ್’ ಹಿಂದೆ ನಿಜವಾದ ಸಾಂಗ್‌ಯೊಂಗ್ ಮೋಟರ್ ಇದೆ. ಆ ಹೆಸರಿನ ಅರ್ಥವೇ ‘ಜೋಡಿ ಡ್ರ್ಯಾಗನ್’. 2009ರಲ್ಲಿ ಅದು 2,646 ಜನರನ್ನು ತೆಗೆಯಲು ಹೊರಟಿತು. ಪ್ಯೊಂಗ್‌ಟೇಕ್‌ನ ಕಾರ್ಖಾನೆಯೊಳಗೆ ಕಾರ್ಮಿಕರು 77 ದಿನ ಕೂತರು, ಕೊನೆಗೆ ಪೊಲೀಸರು ನುಗ್ಗಿದರು. ಕೊರಿಯಾದವರಿಗೆ ಆ ಒಂದು ಹೆಸರು ಸಾಕು. ಉಳಿದ ಜಗತ್ತಿಗೆ ಹೆಸರು ಬೇಕಿಲ್ಲ, ಕೆಲಸ ಹೋದವನ ಮನೆ ಎಲ್ಲ ಊರಲ್ಲೂ ಇದೆ. ನಿಮ್ಮ ಕತೆಯಲ್ಲೂ ಪ್ರತಿ ಆಟಗಾರನಿಗೆ ಒಂದು ಸಾಲದ ಚೀಟಿ ಬರೆದಿಡಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಯಾತಕ್ಕೆ ಮಾಡಿದ್ದು, ಅಡವಿಟ್ಟದ್ದು ಏನು. ಆಟೋ ಸಾಲದವನು, ಕೊಳವೆಬಾವಿ ತೆಗೆಸಿ ನೀರು ಬರದವನು, ಆನ್‌ಲೈನ್ ರಮ್ಮಿಯಲ್ಲಿ ಕಳೆದವನು, ಈ ಮೂವರೂ ಒಂದೇ ಥರ ಆಡುವುದಿಲ್ಲ.

ಮೂರನೆಯದು, ಬಾಗಿಲು. ಆಟಗಾರರು ಸಹಿ ಹಾಕುವ ಪತ್ರದಲ್ಲಿ ಮೂರು ಕಲಮು: ನಡುವೆ ಬಿಟ್ಟು ಹೋಗುವಂತಿಲ್ಲ, ಆಡದಿದ್ದವನು ಔಟ್, ಬಹುಮತ ಬಂದರೆ ಆಟ ನಿಲ್ಲಿಸಬಹುದು. ಈ ಮೂರನೆಯ ಕಲಮೇ ಸರಣಿಯ ಬೆನ್ನೆಲುಬು. ಮೊದಲ ಆಟದ ನಂತರ ಉಳಿದ 201 ಜನ ವೋಟು ಹಾಕುತ್ತಾರೆ. 100-100. ಕೊನೆಯ ವೋಟು ಮುದುಕ ಇಲ್-ನಾಮ್‌ನದು. ಅವನು ‘ನಿಲ್ಲಿಸಿ’ ಅನ್ನುತ್ತಾನೆ. ಎಲ್ಲರೂ ಮನೆಗೆ ಹೋಗುತ್ತಾರೆ! ಎರಡನೆಯ ಕಂತಿನಲ್ಲಿ ಒಂದೂ ಆಟವಿಲ್ಲ. ಮನೆ, ಆಸ್ಪತ್ರೆ, ಸಾಲ ಕೊಟ್ಟವರು, ಮೀನು ಮಾರುವ ತಾಯಿ. ಆ ಕಂತಿನ ಹೆಸರು ‘ನರಕ’. ಆಮೇಲೆ 187 ಜನ ತಾವಾಗಿಯೇ ವಾಪಸು ಬರುತ್ತಾರೆ. ಈ ಕಂತನ್ನೇ ನಿಮ್ಮ ನಿರ್ಮಾಪಕರು ಮೊದಲು ಕತ್ತರಿಸಲು ಹೇಳುವುದು, ‘ಲ್ಯಾಗ್’ ಅಂತ. ಕತ್ತರಿಸಿದರೆ ಉಳಿಯುವುದು ಕೋಣೆಯಲ್ಲಿ ಕೂಡಿಹಾಕಿ ಕೊಲ್ಲುವ ಕತೆ, ಅಂಥವು ನೂರಿವೆ. ಯಾರೂ ಕೂಡಿಹಾಕಿಲ್ಲ, ಆದರೂ ಬಂದರು ಎಂಬಲ್ಲಿ ನೋಡುಗ ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ: ನಾನಾಗಿದ್ದರೆ?

ಈ ಮೂರೂ ಒಟ್ಟಿಗೆ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕೆಂದರೆ ಸಕ್ಕರೆ ಬಿಲ್ಲೆ ಆಟದ ಮೂರನೆಯ ಕಂತನ್ನು ಸದ್ದಿಲ್ಲದೆ ಒಮ್ಮೆ ಓಡಿಸಿ. ನಾಲ್ಕು ಆಕಾರ: ವೃತ್ತ, ತ್ರಿಕೋನ, ನಕ್ಷತ್ರ, ಛತ್ರಿ. ಆಟ ಯಾವುದೆಂದು ಇನ್ನೂ ಹೇಳಿಲ್ಲ, ಒಂದನ್ನು ಆರಿಸಿ ಸಾಲಿನಲ್ಲಿ ನಿಲ್ಲಬೇಕು. ಸೇ-ಬ್ಯೋಕ್ ಕದ್ದು ನೋಡಿದ ಸಕ್ಕರೆ ಪಾಕದ ಸುದ್ದಿಯಿಂದ ಗಿ-ಹುನ್‌ನ ಬಾಲ್ಯದ ಗೆಳೆಯ ಸಾಂಗ್-ವೂಗೆ ಆಟ ಹೊಳೆದಿದೆ. ಗಿ-ಹುನ್ ನೇರ ಛತ್ರಿಯ ಕಡೆ ನಡೆಯುತ್ತಾನೆ, ಎಲ್ಲಕ್ಕಿಂತ ಕಷ್ಟದ್ದು. ಒಂದೇ ಬೀದಿಯಲ್ಲಿ ಬೆಳೆದ ಗೆಳೆಯ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಾನೆ. ಗುಂಡಿಲ್ಲ, ರಕ್ತವಿಲ್ಲ. ಆದರೆ ಆ ಸರಣಿಯ ಮೊದಲ ಕೊಲೆಯತ್ನ ಅದೇ ಅಂತ ನನಗನ್ನಿಸುತ್ತದೆ. ಆಮೇಲೆ ಹತ್ತು ನಿಮಿಷ ಸೂಜಿ, ಬೆವರು, ನಾಲಿಗೆ. ಗುಂಡಿನ ಸದ್ದು ಬರುವುದು ಪಕ್ಕದವನ ಬಿಲ್ಲೆ ಮುರಿದಾಗ. ಅಂದರೆ ಹಿಂಸೆ ಇಲ್ಲಿ ಗಡಿಯಾರದ ಮುಳ್ಳಿನ ಕೆಲಸ ಮಾಡುತ್ತಿದೆ.

ಭಾಷೆಯ ವಿಷಯ ಒಂದಿಷ್ಟು ಹೇಳಬೇಕು, ಕನ್ನಡದಲ್ಲಿ ಬರೆಯುವ ನಿಮಗೆ ಇದು ಆಸ್ತಿ. ಸರಣಿ 31 ಭಾಷೆಯ ಸಬ್‌ಟೈಟಲ್, 13 ಭಾಷೆಯ ಡಬ್ಬಿಂಗ್‌ನೊಂದಿಗೆ ಹೊರಟಿತು. ಇಂಗ್ಲಿಷ್ ದಾರಿಯಲ್ಲಿ ಒಂದಷ್ಟು ಸೋರಿಹೋಯಿತು. ಪಾಕಿಸ್ತಾನದಿಂದ ಬಂದ ಕೂಲಿ ಅಲಿಯ ಪಾತ್ರ ಮಾಡಿದ್ದು ದೆಹಲಿಯ ಅನುಪಮ್ ತ್ರಿಪಾಠಿ. ಅವನು ಸಾಂಗ್-ವೂನನ್ನು ಮೊದಲು ‘ಸಾಜಂಗ್‌ನಿಮ್’ ಎಂದು ಕರೆಯುತ್ತಾನೆ, ಧಣಿ ಅಂದಂತೆ. ಹಾಗನ್ನಬೇಡ, ‘ಹ್ಯೊಂಗ್’ ಅನ್ನು ಎನ್ನುತ್ತಾನೆ ಸಾಂಗ್-ವೂ, ಅಂದರೆ ಅಣ್ಣ. ಗೋಲಿ ಆಟದಲ್ಲಿ ಅದೇ ಅಣ್ಣ ಅವನ ಗೋಲಿ ಚೀಲಕ್ಕೆ ಕಲ್ಲು ತುಂಬಿಕೊಟ್ಟು ಕಳಿಸುತ್ತಾನೆ. ಇಂಗ್ಲಿಷ್‌ನಲ್ಲಿ ನೋಡಿದವರಿಗೆ ಅದು ಒಬ್ಬ ಇನ್ನೊಬ್ಬನಿಗೆ ಮಾಡಿದ ಮೋಸ. ‘ಧಣಿ’ಯಿಂದ ‘ಅಣ್ಣ’ನವರೆಗಿನ ದಾರಿ ಗೊತ್ತಿರುವ ನಮಗೆ ಹೊಟ್ಟೆ ತೊಳಸುತ್ತದೆ. ಈ ಸಲಕರಣೆ ಕನ್ನಡದಲ್ಲಿ ಪುಕ್ಕಟೆ ಸಿಗುತ್ತದೆ: ‘ರೀ’ಯಿಂದ ‘ಕಣೋ’ಗೆ ಇಳಿಯುವ ಒಂದು ಕ್ಷಣ, ‘ಅಕ್ಕ’ ಅಂದವಳು ತಟ್ಟನೆ ಹೆಸರು ಹಿಡಿದು ಕೂಗುವುದು. ನಿಮ್ಮ ಚಿತ್ರಕತೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾವ ದೃಶ್ಯದಲ್ಲಿ ಅದು ಬದಲಾಗುತ್ತದೆ ಎಂದು ಪ್ರತ್ಯೇಕ ಪಟ್ಟಿ ಮಾಡಿಕೊಳ್ಳಿ.

ಬಣ್ಣ, ಸಂಗೀತದ ಬಗ್ಗೆ ಜನ ಬಹಳ ಬರೆದಿದ್ದಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಹಸಿರು ಟ್ರ್ಯಾಕ್‌ಸೂಟು, ಗುಲಾಬಿ ಕಾವಲುಗಾರರು, ಮುಖವಾಡದ ಮೇಲೆ ವೃತ್ತ-ತ್ರಿಕೋನ-ಚೌಕ: ಇವನ್ನು ಮಗುವೂ ಚಿತ್ರ ಬಿಡಿಸಬಹುದು, ಫೋನಿನ ಸಣ್ಣ ಪರದೆಯಲ್ಲೂ ಗುರುತು ಸಿಗುತ್ತದೆ. ಜೊಂಗ್ ಜೇ-ಇಲ್ ಅವರ ಸಂಗೀತದಲ್ಲಿ ಕೇಳುವುದು ಶಾಲೆಯ ಮಕ್ಕಳು ಊದುವ ರೆಕಾರ್ಡರ್ ಎಂಬ ಕೊಳಲು. ನೋಡದವರಿಗೂ ಈ ಚಿತ್ರ ಮತ್ತು ಸದ್ದು ತಲುಪಿದವು, ತಲುಪಿದವರು ‘ಇದೇನಪ್ಪಾ’ ಎಂದು ಬಂದು ನೋಡಿದರು.

ಸೋತ ಕಡೆಯನ್ನೂ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಮೊದಲ ಸೀಸನ್ನಿನ ಗಾಜಿನ ಸೇತುವೆ ನೋಡಲು ಭರ್ಜರಿ, ಆದರೆ ಅದು ಮಕ್ಕಳ ಆಟವೂ ಅಲ್ಲ, ಅಲ್ಲಿ ಆಯ್ಕೆಯೂ ಇಲ್ಲ. 18 ಜೋಡಿ ಗಾಜು, ಪ್ರತಿ ಜೋಡಿಯಲ್ಲಿ ಒಂದು ಕಾಲಿಟ್ಟರೆ ಒಡೆಯುತ್ತದೆ, ಅರ್ಧ-ಅರ್ಧ ಅದೃಷ್ಟ. ಮೊದಲು ನಿಂತವನು ಊಹೆಯ ಮೇಲೆ ದಾಟುವ ಸಾಧ್ಯತೆ 2,62,144ರಲ್ಲಿ ಒಂದು. ಅವನ ಗುಣ-ಅವಗುಣಕ್ಕೆ ಕೆಲಸವೇ ಇಲ್ಲ. ಬರೀ ಲೆಕ್ಕದ ಪ್ರಕಾರ ಸರಾಸರಿ ಒಂಬತ್ತು ಜನ ಬಿದ್ದು, 16ರಲ್ಲಿ ಏಳು ಜನ ಉಳಿಯಬೇಕು. ಕತೆಯಲ್ಲಿ ಉಳಿದದ್ದು ಮೂವರು, ಏಕೆಂದರೆ ತಳ್ಳಾಟ ಶುರುವಾಯಿತು. ಆ ಕಂತಿಗೆ ಜೀವ ಬಂದದ್ದೂ ತಳ್ಳಾಟದಿಂದಲೇ. ಆಟ ನೋಡಲು ಬರುವ ಇಂಗ್ಲಿಷ್ ಮಾತಾಡುವ ಶ್ರೀಮಂತರ ದೃಶ್ಯಗಳನ್ನಂತೂ ಮೆಚ್ಚಿದವರು ಕಡಿಮೆ. ಅವರಿಗೆ ಸಾಲವೂ ಇಲ್ಲ, ಭಯವೂ ಇಲ್ಲ, ಹಾಗಾಗಿ ಮಾತೂ ಹುಟ್ಟಲಿಲ್ಲ. ಮುಂದಿನ ಎರಡು ಸೀಸನ್‌ಗಳಲ್ಲಿ ಪ್ರತಿ ಆಟಕ್ಕೂ ವೋಟು ಇಟ್ಟರು. ಒಳ್ಳೆಯ ಯೋಚನೆಯೇ, ಆದರೆ ಮತ್ತೆ ಮತ್ತೆ ಅದೇ ಎಣಿಕೆ ನೋಡುವಾಗ ಬಿಗಿ ಸಡಿಲಿತು. ಎರಡನೆಯ ಸೀಸನ್ ಏಳು ಕಂತಿಗೆ ನಡುದಾರಿಯಲ್ಲಿ ನಿಂತುಬಿಟ್ಟದ್ದಕ್ಕೂ ಜನ ಗೊಣಗಿದರು.

ವ್ಯವಹಾರದ ಪಾಠವೂ ಇದೆ. ಹ್ವಾಂಗ್ ಇದನ್ನು 2009ರ ಹೊತ್ತಿಗೇ ಸಿನಿಮಾ ಕತೆಯಾಗಿ ಬರೆದಿದ್ದರು. ವಿಕಾರ, ನಂಬಲಾಗದ್ದು ಎಂದು ಹತ್ತು ವರ್ಷ ಯಾರೂ ಮುಟ್ಟಲಿಲ್ಲ. 2019ರಲ್ಲಿ ನೆಟ್‌ಫ್ಲಿಕ್ಸ್ ಕೈಗೆತ್ತಿಕೊಂಡಿತು. ಹೊರಬಿದ್ದ ದಾಖಲೆಗಳನ್ನು ಆಧರಿಸಿದ ಬ್ಲೂಮ್‌ಬರ್ಗ್ ವರದಿಯಂತೆ ಒಂಬತ್ತು ಕಂತಿಗೆ ಖರ್ಚು 2.14 ಕೋಟಿ ಡಾಲರ್, ಕಂಪನಿ ಲೆಕ್ಕ ಹಾಕಿದ ಮೌಲ್ಯ ಸುಮಾರು 89 ಕೋಟಿ ಡಾಲರ್. ಹಕ್ಕೆಲ್ಲ ಕಂಪನಿಯದು, ಮೂಲ ಕರಾರಿನಲ್ಲಿ ಇದ್ದಷ್ಟೇ ತನಗೆ ಬಂದದ್ದು, ಬೋನಸ್ ಇಲ್ಲ ಎಂದು ಹ್ವಾಂಗ್ ಆಗಲೇ ಹೇಳಿದ್ದರು. ನಿಮ್ಮ ಕರಾರಿನಲ್ಲಿ ಮುಂದಿನ ಸೀಸನ್, ಬೇರೆ ಭಾಷೆಯ ರೀಮೇಕ್, ಆಟಿಕೆ-ಬಟ್ಟೆಯ ಮಾರಾಟ ಈ ಮೂರಕ್ಕೆ ಬೇರೆ ಬೇರೆ ಸಾಲು ಇರಲಿ. ಇನ್ನೊಂದು: ಗುಲಾಬಿ ದಿರಿಸು, ಆ ಮೂರು ಗುರುತು, ಆ ಬೊಂಬೆ ಮುಟ್ಟಬೇಡಿ. ಲಗೋರಿ ಯಾರಪ್ಪನ ಆಸ್ತಿಯೂ ಅಲ್ಲ; ಆ ವಿನ್ಯಾಸಗಳು ಮಾತ್ರ ಅವರವು.

ರಕ್ತದ ಪ್ರಮಾಣಕ್ಕೆ ಕಾನೂನಿನ ಮುಖವೂ ಇದೆ. 2021ರ ಐಟಿ ನಿಯಮದಂತೆ ಒಟಿಟಿಯಲ್ಲಿ ಬರುವುದಕ್ಕೆ ಯು, ಯು/ಎ 7+, 13+, 16+ ಮತ್ತು ಎ ಎಂಬ ವರ್ಗಗಳಿವೆ. ‘ಎ’ ಬಂದರೆ ನೋಡುಗರ ವಯಸ್ಸು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಬೇಕು, ನೋಡುಗರೂ ಕಡಿಮೆಯಾಗುತ್ತಾರೆ. ಕೊರಿಯಾದಲ್ಲೂ ಇದು ವಯಸ್ಕರಿಗಷ್ಟೇ ಇದ್ದ ಸರಣಿ. ಆದರೂ 2021ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಒಂದು ಶಾಲೆ, ಮಕ್ಕಳು ಮೊದಲ ಆಟ ಆಡಿ ಸೋತವರಿಗೆ ಹೊಡೆಯುತ್ತಿದ್ದಾರೆ ಎಂದು ಪಾಲಕರಿಗೆ ಎಚ್ಚರಿಕೆ ಕೊಡಬೇಕಾಯಿತು. ಮಕ್ಕಳ ಆಟ ಬಳಸಿದರೆ ಮಕ್ಕಳು ನಕಲು ಮಾಡುತ್ತಾರೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಈಗ ನಿಮ್ಮ ಸಕ್ಕರೆ ಬಿಲ್ಲೆ, ದಲ್ಗೊನಾ. ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು, ನಮ್ಮ ಅಭ್ಯಾಸದಂತೆ ಒಂದೆಳೆ ಪಾಕಕ್ಕೆ ಹಾಕುವ ಹಾಗೆ ನೀರು ಹಾಕುವುದು. ಇದಕ್ಕೆ ನೀರು ಬೇಡವೇ ಬೇಡ. ದಪ್ಪ ತಳದ ಸ್ಟೀಲ್ ಸೌಟಿನಲ್ಲಿ ಎರಡು ದೊಡ್ಡ ಚಮಚ ಸಕ್ಕರೆ, ಅತಿ ಸಣ್ಣ ಉರಿ. ಅಂಚು ಕರಗಲು ಶುರುವಾದಾಗ ಮರದ ಕಡ್ಡಿಯಿಂದ ತಿರುಗಿಸಿ. ಸೌಟನ್ನು ಉರಿಯಿಂದ ಆಗಾಗ ಎತ್ತಿ ಹಿಡಿಯಿರಿ. ಹರಳು ಒಂದೂ ಉಳಿಯದೆ ತಿಳಿ ಜೇನಿನ ಬಣ್ಣ ಬಂದ ಕೂಡಲೇ ಕೆಳಗಿಳಿಸಿ. ಕಾಫಿ ಬಣ್ಣಕ್ಕೆ ಹೋದರೆ ಕಹಿ ಗ್ಯಾರಂಟಿ.

ಎರಡನೆಯದು ಸೋಡಾ. ಬೆರಳ ತುದಿಯ ಒಂದು ಚಿಟಿಕೆ, ಟೀ ಚಮಚದ ಎಂಟನೇ ಒಂದು ಭಾಗ, ಸಾಕು. ಹೆಚ್ಚಾದರೆ ಸಾಬೂನಿನಂಥ ಕಹಿ ಬರುತ್ತದೆ, ಬಿಲ್ಲೆ ಉಬ್ಬಿ ಟೊಳ್ಳಾಗಿ ಗೆರೆಯ ಮೇಲೆ ನಿಲ್ಲದೆ ಚೂರಾಗುತ್ತದೆ. ಬೇಕಿಂಗ್ ಪೌಡರ್ ಅಲ್ಲ, ಅಡುಗೆ ಸೋಡಾ. ಹಾಕಿದ ಮೇಲೆ ಹತ್ತು ಸೆಕೆಂಡು ಚುರುಕಾಗಿ ತಿರುಗಿಸಿ. ತಿಳಿ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದರೆ ಸರಿ.

ಮೂರನೆಯದು ಒತ್ತುವ ಹೊತ್ತು. ಎಣ್ಣೆ ಸವರಿದ ಸ್ಟೀಲ್ ತಟ್ಟೆಗೆ ಸುರಿದು ಇಪ್ಪತ್ತರಿಂದ ಮೂವತ್ತು ಸೆಕೆಂಡು ಬಿಡಿ. ಮೇಲೆ ತೆಳುವಾಗಿ ಕೆನೆಗಟ್ಟಿದ ಮೇಲೆ, ತಳಕ್ಕೆ ಎಣ್ಣೆ ಸವರಿದ ಚಪ್ಪಟೆ ಪಾತ್ರೆಯಿಂದ ಮೂರು-ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಒತ್ತಿ, ಕೂಡಲೇ ಬಿಸ್ಕತ್ ಅಚ್ಚನ್ನು ಅರ್ಧ ದಪ್ಪದವರೆಗೆ ಮಾತ್ರ ಇಳಿಸಿ. ಬೇಗ ಒತ್ತಿದರೆ ಅಂಟುತ್ತದೆ, ತಡವಾದರೆ ಅಚ್ಚು ತಾಗಿದ ಕಡೆ ಬಿರುಕು. ಕರಗಿದ ಸಕ್ಕರೆ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು ಬಿಸಿ, ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮಕ್ಕಳನ್ನು ದೂರವಿಡಿ, ಬಕೆಟ್ ತಣ್ಣೀರು ಪಕ್ಕದಲ್ಲಿರಲಿ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು-ಕರಾವಳಿಯಲ್ಲಿ ಶೂಟಿಂಗ್ ಇದ್ದರೆ ಗಾಳಿಯ ತೇವ ಎಳೆದುಕೊಂಡು ಬಿಲ್ಲೆ ಬೇಗ ಜಿಗುಟಾಗುತ್ತದೆ. ಮಾಡಿ ಆರಿದ ತಕ್ಷಣ ಗಾಳಿಯಾಡದ ಡಬ್ಬಿಗೆ ಹಾಕಿ, ಪದರಗಳ ನಡುವೆ ಬೆಣ್ಣೆ ಕಾಗದ ಇಡಿ. ನೆಕ್ಕುವ ದೃಶ್ಯಕ್ಕೆ ಹಿಂಬದಿಯಿಂದ ನೆಕ್ಕಿಸಿ. ಗೆರೆಯಿರುವ ಕಡೆ ಸಕ್ಕರೆ ತೆಳುವಾಗಿರುವುದರಿಂದ ಮೊದಲು ಅಲ್ಲೇ ಕರಗಿ ಆಕಾರ ಬಿಡುತ್ತದೆ. ಒಂದು ಟೇಕಿಗೆ ಒಂದು ಬಿಲ್ಲೆಯಂತೆ ಎಣಿಸಿ ಮಾಡಬೇಡಿ, ಅದರ ಮೂರು ಪಟ್ಟು ಮಾಡಿಟ್ಟುಕೊಳ್ಳಿ.